ದಿನ ತುಂಬುವ ಮುನ್ನ ಹುಟ್ಟಿದ ಮಕ್ಕಳ ಬುದ್ಧಿ, ಮಾತು, ಒಡನಾಟ

ಗರ್ಭ ನಿಂತು 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ, ಊರಿನವರು ದಿನ ತುಂಬದ ಕೂಸು ಎನ್ನುತ್ತಾರೆ. ಇವರಲ್ಲಿ ಬಹುಪಾಲು ಮಕ್ಕಳು ಹುಟ್ಟುವುದು 32ನೇ ವಾರದ ನಂತರ. 32 ವಾರಕ್ಕೂ ಮೊದಲೇ ಹುಟ್ಟುವವರು ಕಡಿಮೆ, 28 ವಾರಕ್ಕೂ ಮೊದಲು ಹುಟ್ಟುವವರು ಇನ್ನೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಲಂಡನ್ನಿನ ಸಂಶೋಧಕರು ಸೇರಿ ಮಾಡಿದ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಹೀಗೆ ಬೇಗ ಹುಟ್ಟಿದರು. ಅವರಲ್ಲಿ 30 ಲಕ್ಷದಷ್ಟು ಮಕ್ಕಳು ಭಾರತದವರು. ಬೇರೆ ಯಾವ ದೇಶದಲ್ಲೂ ಈ ಸಂಖ್ಯೆ ಇಷ್ಟಿಲ್ಲ.

ಗೆಜ್ಜಲಗೆರೆಯಂಥ ಊರಿನಲ್ಲಿ ಇಂಥ ಮಗುವಿನ ಮೊದಲ ತಿಂಗಳು ಹೇಗಿರುತ್ತದೆ ಎಂಬುದು ಅನೇಕ ಮನೆಗಳಿಗೆ ಗೊತ್ತು. ಊರು ಇರುವುದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಮದ್ದೂರಿಗೂ ಮಂಡ್ಯಕ್ಕೂ ನಡುವೆ. ನೋವು ಬೇಗ ಕಾಣಿಸಿಕೊಂಡರೆ ಮದ್ದೂರಿನ ತಾಲ್ಲೂಕು ಆಸ್ಪತ್ರೆ, ಇಲ್ಲವೇ ಮಂಡ್ಯದ ಮಿಮ್ಸ್ ಆಸ್ಪತ್ರೆ. ತೀರಾ ಬೇಗ ಹುಟ್ಟಿದರೆ ಮೈಸೂರಿನ ಚೆಲುವಾಂಬ ಅಥವಾ ಬೆಂಗಳೂರಿನ ಆಸ್ಪತ್ರೆಗಳು. ಅಲ್ಲಿ ಕೆಲವು ದಿನದಿಂದ ಎರಡು ತಿಂಗಳವರೆಗೆ ಮಗು ನವಜಾತ ಶಿಶುಗಳ ವಿಶೇಷ ಘಟಕದಲ್ಲಿರುತ್ತದೆ. ‘ಪೆಟ್ಟಿಗೆಯಲ್ಲಿ ಇಟ್ಟಿದ್ದರು’ ಎಂದು ಮನೆಯವರು ಹೇಳುವುದು ಇದನ್ನೇ. ಮನೆಗೆ ಬಂದ ಮೇಲೆ ಎಲ್ಲರ ಕಣ್ಣು ತೂಕದ ಮೇಲೆ. ಒಂದೂವರೆ ಕಿಲೋ ಇದ್ದದ್ದು ಮೂರು ಕಿಲೋ ಆಯಿತೆಂದರೆ ಗಂಡಾಂತರ ಕಳೆಯಿತೆಂಬ ಸಮಾಧಾನ, ಅಲ್ಲಿಗೆ ಆಸ್ಪತ್ರೆಗೆ ಹೋಗುವುದೂ ನಿಲ್ಲುತ್ತದೆ. ತೂಕ ಮುಖ್ಯವೇ. ಆದರೆ ಬುದ್ಧಿ, ಮಾತು, ಹತ್ತು ಜನರೊಡನೆ ಬೆರೆಯುವ ಗುಣ ಬೆಳೆಯುವುದು ಅದರ ನಂತರದ ಏಳೆಂಟು ವರ್ಷಗಳಲ್ಲಿ. ಬೇಗ ಹುಟ್ಟಿದ್ದರ ಪರಿಣಾಮ ಏನಾದರೂ ಇದ್ದರೆ ಅದು ಮೇಲೆ ಕಾಣುವುದೂ ಆಗಲೇ. ಬಹುಪಾಲು ಮಕ್ಕಳು ನಡೆದು, ಮಾತಾಡಿ, ಓದಿ, ಎಲ್ಲರಂತೆ ಬದುಕು ಕಟ್ಟಿಕೊಳ್ಳುತ್ತಾರೆ. ಕೆಲವರಿಗೆ ನೆರವು ಬೇಕಾಗುತ್ತದೆ. ಯಾರಿಗೆ ಬೇಕು ಎಂಬುದು ತಪಾಸಣೆ ಬಿಡದೆ ಮುಂದುವರಿಸಿದರೆ ಮಾತ್ರ ಗೊತ್ತಾಗುತ್ತದೆ.

ಮೆದುಳಿಗೆ ಕೊನೆಯ ವಾರಗಳೇ ಮುಖ್ಯ

ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮೆದುಳು ಬೆಳೆಯುವ ವೇಗ ಬೆರಗು ಹುಟ್ಟಿಸುವಂಥದ್ದು. 28ನೇ ವಾರದ ಹೊತ್ತಿಗೆ ಮೆದುಳಿನ ಮೇಲ್ಮೈ ಇನ್ನೂ ಬಹುತೇಕ ನುಣುಪು. ದೊಡ್ಡವರ ಮೆದುಳಿನಲ್ಲಿ ಕಾಣುವ ಮಡಿಕೆಗಳಲ್ಲಿ ಹೆಚ್ಚಿನವು ಮೂಡುವುದು ಅಲ್ಲಿಂದ 40ನೇ ವಾರದೊಳಗೆ. 34ನೇ ವಾರದಲ್ಲಿ ಮೆದುಳಿನ ತೂಕ ದಿನ ತುಂಬಿದ ಮಗುವಿನ ಮೆದುಳಿನ ಮೂರರಲ್ಲಿ ಎರಡು ಪಾಲು ಮಾತ್ರ. ನರತಂತುಗಳಿಗೆ ಕೊಬ್ಬಿನ ಹೊದಿಕೆ ಕಟ್ಟುವ ಜೀವಕೋಶಗಳು 24ರಿಂದ 32 ವಾರದ ನಡುವೆ ತೀರಾ ಎಳೆಯವು. ಆಮ್ಲಜನಕ ಏರುಪೇರಾದರೆ, ಸೋಂಕು ತಗುಲಿದರೆ ಬೇಗ ಪೆಟ್ಟು ತಿನ್ನುತ್ತವೆ. ಮೆದುಳಿನ ಒಳಕೋಣೆಗಳ ಅಂಚಿನ ರಕ್ತನಾಳಗಳೂ ಅಷ್ಟೇ ಸೂಕ್ಷ್ಮವಾದ್ದರಿಂದ ರಕ್ತಸ್ರಾವ ಆಗಬಹುದು. 32 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ನೆತ್ತಿಯ ಮೇಲೆ ಸ್ಕ್ಯಾನ್ ಮಾಡುವುದು ಇದನ್ನು ನೋಡಲೆಂದೇ.

ಹೀಗಾಗಿ ‘ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ’ ಎಂದು ಹಲವು ಮನೆಗಳಲ್ಲಿ ಕೇಳುವ ಮಾತು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಈ ಮಾತಿಗೆ ಪ್ರಾಯೋಗಿಕ ಅರ್ಥವೂ ಇದೆ: ವೈದ್ಯಕೀಯ ಕಾರಣವಿಲ್ಲದೆ, ಒಳ್ಳೆಯ ದಿನ, ನಕ್ಷತ್ರ ನೋಡಿ 37 ವಾರಕ್ಕೂ ಮುಂಚೆ ಸಿಸೇರಿಯನ್ ಮಾಡಿಸುವುದು ಮಗುವಿನ ಮೆದುಳಿಗೆ ಮಾಡುವ ಅನ್ಯಾಯ. ಬೇಗ ಹೆರಿಗೆ ಆಗುವುದು ತಪ್ಪಿಸಲಾಗದು ಎಂದಾದಾಗ ವೈದ್ಯರು ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟು ಮಗುವಿನ ಶ್ವಾಸಕೋಶವನ್ನು ಅಣಿಗೊಳಿಸುತ್ತಾರೆ. 32 ವಾರಕ್ಕಿಂತ ಮೊದಲಾದರೆ ಮೆಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ; ಅದರಿಂದ ಮೆದುಳಿನ ಲಕ್ವದ ಅಪಾಯ ತಗ್ಗುತ್ತದೆ. ಹೆರಿಗೆಗೆ ಕೆಲವು ಗಂಟೆ ಮೊದಲಾದರೂ ಆಸ್ಪತ್ರೆ ತಲುಪಿದ್ದರೆ ಮಾತ್ರ ಇವು ಉಪಯೋಗಕ್ಕೆ ಬರುತ್ತವೆ. ನೀರು ಹೋಗುವುದು, ಬಿಟ್ಟು ಬಿಟ್ಟು ಸೊಂಟ ಹಿಡಿಯುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ವಯಸ್ಸಿನ ಲೆಕ್ಕ ಬೇರೆ

ಈ ಮಕ್ಕಳಿಗೆ ಎರಡು ವಯಸ್ಸು. ಹುಟ್ಟಿದ ದಿನದಿಂದ ಎಣಿಸುವುದು ಒಂದು, ಹುಟ್ಟಬೇಕಿದ್ದ ದಿನದಿಂದ ಎಣಿಸುವುದು ಇನ್ನೊಂದು. ಎರಡನೆಯದಕ್ಕೆ ತಿದ್ದಿದ ವಯಸ್ಸು ಎನ್ನುತ್ತಾರೆ. 30 ವಾರಕ್ಕೆ ಹುಟ್ಟಿದ ಮಗುವನ್ನು ನೋಡೋಣ. 40 ವಾರಕ್ಕೆ ಹತ್ತು ವಾರ ಕಡಿಮೆ, ಅಂದರೆ ಸುಮಾರು ಎರಡೂವರೆ ತಿಂಗಳು. ಹುಟ್ಟಿ ಒಂಬತ್ತು ತಿಂಗಳಾದಾಗ ಅದರ ತಿದ್ದಿದ ವಯಸ್ಸು ಆರೂವರೆ ತಿಂಗಳು. ಪಕ್ಕದ ಮನೆಯ ಒಂಬತ್ತು ತಿಂಗಳ ಮಗು ಅಂಬೆಗಾಲಿಟ್ಟು ಹೊಸ್ತಿಲು ದಾಟುತ್ತಿರಬಹುದು, ಇದು ಈಗಷ್ಟೇ ಕೈ ಊರಿ ಕೂರಲು ಕಲಿಯುತ್ತಿರಬಹುದು. ಇದು ಹಿಂದುಳಿದಿಲ್ಲ, ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಕುತ್ತಿಗೆ ನಿಲ್ಲುವುದು, ಬೋರಲು ಬೀಳುವುದು, ನಗುವುದು, ತೊದಲುವುದು ಎಲ್ಲವನ್ನೂ ಎರಡು ವರ್ಷ ತುಂಬುವವರೆಗೆ ಈ ತಿದ್ದಿದ ವಯಸ್ಸಿನಿಂದಲೇ ಅಳೆಯಬೇಕು. ತಾಯಿ ಕಾರ್ಡಿನ ಮೇಲೆ ಹೆರಿಗೆಗೆ ಕೊಟ್ಟಿದ್ದ ದಿನಾಂಕಕ್ಕೆ ಒಂದು ಗೆರೆ ಎಳೆದಿಟ್ಟುಕೊಂಡರೆ ಲೆಕ್ಕ ಸುಲಭ.

ಒಂದು ವಿಷಯಕ್ಕೆ ಮಾತ್ರ ಈ ಲೆಕ್ಕ ಸಲ್ಲದು. ಲಸಿಕೆಗಳನ್ನು ಹುಟ್ಟಿದ ದಿನದಿಂದ ಎಣಿಸಿಯೇ ಹಾಕಿಸಬೇಕು. ಮಗು ಸಣ್ಣದು ಎಂದು ಆರನೇ ವಾರದ ಲಸಿಕೆಯನ್ನು ಮುಂದೂಡಿದರೆ ಹೆಚ್ಚು ಅಪಾಯದಲ್ಲಿರುವ ಮಗುವಿಗೇ ರಕ್ಷಣೆ ತಡವಾಗುತ್ತದೆ.

ಕಣ್ಣು, ಕಿವಿ

ಮಗು ಲೋಕವನ್ನು ಕಲಿಯುವುದು ಕಂಡು, ಕೇಳಿ. ಹಾಗಾಗಿ ಬುದ್ಧಿಯ ಬೆಳವಣಿಗೆಯ ಚರ್ಚೆ ಈ ಎರಡರಿಂದ ಆರಂಭವಾಗಬೇಕು. ಬೇಗ ಹುಟ್ಟಿದ ಮಗುವಿನ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹೆಚ್ಚು ಆಮ್ಲಜನಕ ಕೊಡಬೇಕಾಗಿ ಬಂದಾಗ, ಸೋಂಕಾದಾಗ ಅವು ದಿಕ್ಕೆಟ್ಟು ಬೆಳೆದು ಅಕ್ಷಿಪಟಲವನ್ನೇ ಕೀಳಬಲ್ಲವು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. 34 ವಾರಕ್ಕಿಂತ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಮೊದಲ ಕಣ್ಣಿನ ಪರೀಕ್ಷೆ ಆಗಲೇಬೇಕು. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಎರಡು-ಮೂರು ವಾರಕ್ಕೇ ಆಗಬೇಕು. ಸರಿಯಾದ ವೇಳೆಗೆ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ ಸಿಕ್ಕರೆ ಬಹುತೇಕ ಮಕ್ಕಳ ದೃಷ್ಟಿ ಉಳಿಯುತ್ತದೆ.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ, ತಾಲ್ಲೂಕುಗಳ ಶಿಶು ಘಟಕಗಳಿಗೇ ಹೋಗಿ ಅಕ್ಷಿಪಟಲದ ಚಿತ್ರ ತೆಗೆದು ಇಂಟರ್ನೆಟ್ ಮೂಲಕ ಕಳಿಸುತ್ತಾರೆ, ದೂರದಲ್ಲಿ ಕುಳಿತ ತಜ್ಞರು ನೋಡಿ ಹೇಳುತ್ತಾರೆ. ಮಕ್ಕಳ ಕಣ್ಣಿನ ತಜ್ಞರು ಎಲ್ಲ ಊರಲ್ಲೂ ಸಿಗದ ರಾಜ್ಯದಲ್ಲಿ ಇದು ದೊಡ್ಡ ಉಪಕಾರ. ಬಿಡುಗಡೆ ಪತ್ರದಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಬರೆದಿದೆಯೇ ಎಂದು ತಂದೆತಾಯಿ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು.

ಕಿವಿಯದೂ ಇಂಥದ್ದೇ ಕಥೆ. ತೀವ್ರ ಕಾಮಾಲೆ, ಸೋಂಕು, ಕೆಲವು ಪ್ರತಿಜೀವಕಗಳು ಶ್ರವಣ ನರಕ್ಕೆ ಹಾನಿ ಮಾಡಬಲ್ಲವು. ವಿಶೇಷ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಕಿವಿಯ ಸಾಮಾನ್ಯ ಪರೀಕ್ಷೆಯ ಜೊತೆ ಶ್ರವಣ ನರವನ್ನು ನೋಡುವ ಬೇರಾ ಎಂಬ ಪರೀಕ್ಷೆಯನ್ನೂ ಮಾಡಿಸಬೇಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ತೊಂದರೆ ಏನೆಂಬ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಎಂಬುದು ಒಪ್ಪಿತ ಗಡುವು. ಮಂಡ್ಯ ಜಿಲ್ಲೆಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಬೇರೆ ರಾಜ್ಯದವರು ರೈಲು ಹತ್ತಿ ಬರುವ ಜಾಗಕ್ಕೆ ಮದ್ದೂರಿನವರು ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆಗೆ ಮರಳಬಹುದು.

ಎದೆಯ ಮೇಲೆ, ಮಾತಿನ ನಡುವೆ

1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆ ಇತ್ತು. ಅಲ್ಲಿ ಎಡ್ಗರ್ ರೇ ಎಂಬ ವೈದ್ಯರು ಸಣ್ಣ ಶಿಶುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಈಗ ಎಲ್ಲೆಡೆ ಹೆಸರಾಗಿರುವ ಪದ್ಧತಿ ಆರಂಭವಾದದ್ದು ಹೀಗೆ. ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಬಿಟ್ಟು ಬೇರೆ ಬಟ್ಟೆ ಇಲ್ಲ. ತಾಯಿಯ ಎರಡು ಸ್ತನಗಳ ನಡುವೆ ಚರ್ಮಕ್ಕೆ ಚರ್ಮ ತಾಗುವಂತೆ, ತಲೆ ಒಂದು ಪಕ್ಕಕ್ಕೆ ತಿರುಗಿ, ಕಾಲು ಕಪ್ಪೆಯಂತೆ ಮಡಿಚಿ ಮಲಗಿಸಿ ಮೇಲೊಂದು ಬಟ್ಟೆ ಸುತ್ತುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರ ನವೆಂಬರ್‌ನಲ್ಲಿ ಕೊಟ್ಟ ಶಿಫಾರಸಿನಂತೆ ಇದನ್ನು ಹುಟ್ಟಿದ ಕೂಡಲೇ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಮಾಡಬೇಕು. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಸರ್ಕಾರ ಕೂಡಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಬಗೆಯನ್ನು ಪರೀಕ್ಷಿಸಿವೆ. ತಾಯಿಗೆ ದಣಿವಾದಾಗ ತಂದೆ, ಅಜ್ಜಿ, ಅತ್ತೆ ಯಾರು ಬೇಕಾದರೂ ಎದೆಗೆ ಹಾಕಿಕೊಳ್ಳಬಹುದು. ಗಂಡಸರು ನಾಚಿಕೆಪಡುವ ಕೆಲಸ ಇದಲ್ಲ.

ಇದರಿಂದ ಮೈ ಬೆಚ್ಚಗಿರುತ್ತದೆ, ಹಾಲು ಹೆಚ್ಚುತ್ತದೆ, ಜೀವ ಉಳಿಯುತ್ತದೆ. ಅಷ್ಟೇ ಅಲ್ಲ. ಬೊಗೊಟಾದ ಮಕ್ಕಳು ಇಪ್ಪತ್ತು ವರ್ಷದವರಾದಾಗ ಅವರನ್ನು ಮತ್ತೆ ಹುಡುಕಿ ನೋಡಿದ ಅಧ್ಯಯನದಲ್ಲಿ, ಎದೆಯ ಮೇಲೆ ಬೆಳೆದವರಲ್ಲಿ ಚಡಪಡಿಕೆ ಮತ್ತು ಆಕ್ರಮಣಶೀಲತೆ ಕಡಿಮೆ ಇತ್ತು, ಅವರು ಶಾಲೆ ತಪ್ಪಿಸಿದ್ದೂ ಕಡಿಮೆ. ಎದೆಬಡಿತ, ಉಸಿರಿನ ಲಯ, ಮೈಯ ವಾಸನೆ, ಪರಿಚಿತ ದನಿ, ಇವು ಗರ್ಭದಲ್ಲಿ ಸಿಗಬೇಕಿದ್ದ ಅನುಭವಗಳು. ವಿಶೇಷ ಘಟಕದ ಪ್ರಖರ ಬೆಳಕು, ಅಲಾರಂ ಸದ್ದು, ದಿನಕ್ಕೆ ಹಲವು ಸೂಜಿ ಚುಚ್ಚುವಿಕೆಯ ನಡುವೆ ಅವು ಮತ್ತೆ ಸಿಗುವುದು ಎದೆಯ ಮೇಲೆ ಮಾತ್ರ.

ಮಾತಿಗೂ ಇದೇ ತೂಕ. ಘಟಕದಲ್ಲಿದ್ದಾಗಲೇ ಹೆಚ್ಚು ಮಾತು ಕೇಳಿಸಿಕೊಂಡ ಶಿಶುಗಳು ಮುಂದೆ ಒಂದೂವರೆ ವರ್ಷದಲ್ಲಿ ಭಾಷೆಯ, ಬುದ್ಧಿಯ ಪರೀಕ್ಷೆಗಳಲ್ಲಿ ಉತ್ತಮವಾಗಿದ್ದವೆಂದು ಅಮೆರಿಕದ ಅಧ್ಯಯನವೊಂದು ತೋರಿಸಿತು. ಮಗುವಿಗೆ ಏನು ತಿಳಿಯುತ್ತದೆ ಎಂದು ಸುಮ್ಮನಿರಬಾರದು. ಹಾಲು ಕುಡಿಸುವಾಗ, ಬಟ್ಟೆ ಬದಲಿಸುವಾಗ ಮಾಡುತ್ತಿರುವುದನ್ನೇ ಹೇಳುತ್ತಾ ಇದ್ದರೆ ಸಾಕು. ಸೋಬಾನೆ, ಲಾಲಿ ಬಲ್ಲ ಅಜ್ಜಿಯರು ಮಂಡ್ಯದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರ ದನಿ ಯಾವ ಆಟಿಕೆಗಿಂತಲೂ ಕಡಿಮೆಯಲ್ಲ. ಆದರೆ ಬಾಣಂತನದ ಕೆಲವು ರೂಢಿಗಳನ್ನು ಬಿಡಲೇಬೇಕು: ಸ್ನಾನದ ನಂತರ ಕೋಣೆ ತುಂಬ ಸಾಂಬ್ರಾಣಿ ಹೊಗೆ ಹಾಕುವುದು ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಕಾಲು ಹಿಡಿದು ತಲೆಕೆಳಗಾಗಿ ಎತ್ತುವುದು, ತಲೆ ಒತ್ತಿ ದುಂಡಗೆ ಮಾಡುವುದು, ಕಿವಿ-ಮೂಗಿಗೆ ಎಣ್ಣೆ ಬಿಡುವುದು ಈ ಮಕ್ಕಳಿಗೆ ಬೇಡವೇ ಬೇಡ.

ಆಹಾರದ ಬಗ್ಗೆ ಒಂದೆರಡು ಮಾತು ಸಾಕು. ತಾಯಿಯ ಹಾಲಿಗೆ ಸಮನಾದದ್ದಿಲ್ಲ, ಮಗು ಚೀಪಲಾರದಿದ್ದರೆ ಹಿಂಡಿ ಒಳಲೆಯಲ್ಲೋ ಬಟ್ಟಲಲ್ಲೋ ಕುಡಿಸಬಹುದು. ಗೆಜ್ಜಲಗೆರೆ ಡೇರಿಯೇ ಇರುವ ಊರೆಂದು ಒಂದು ವರ್ಷಕ್ಕೆ ಮುಂಚೆ ಹಸುವಿನ ಹಾಲನ್ನು ಮುಖ್ಯ ಆಹಾರ ಮಾಡಿದರೆ ಕಬ್ಬಿಣದ ಕೊರತೆ ಬರುತ್ತದೆ. ಕಬ್ಬಿಣವನ್ನು ಮಗು ತಾಯಿಯಿಂದ ಕೂಡಿಟ್ಟುಕೊಳ್ಳುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ದಾಸ್ತಾನು ಕಡಿಮೆ, ಕೊರತೆಯಾದರೆ ನೇರ ಪೆಟ್ಟು ಮೆದುಳಿಗೆ. ವೈದ್ಯರು ಬರೆದ ಕಬ್ಬಿಣ ಮತ್ತು ವಿಟಮಿನ್ ಡಿ ಹನಿಗಳನ್ನು ಹೇಳಿದಷ್ಟು ತಿಂಗಳು ನಿಲ್ಲಿಸದೆ ಹಾಕಬೇಕು.

ಮೊದಲ ಎರಡು ವರ್ಷ

ಒಡನಾಟದ ಮೊದಲ ಗುರುತು ನಗು. ತಿದ್ದಿದ ವಯಸ್ಸಿನ ಎರಡು ತಿಂಗಳ ಹೊತ್ತಿಗೆ ಮಗು ಮುಖ ನೋಡಿ ನಗಬೇಕು. ಬೇಗ ಹುಟ್ಟಿದ ಮಕ್ಕಳಲ್ಲಿ ಹಲವರು ಬೇಗ ದಣಿಯುತ್ತಾರೆ: ಸ್ವಲ್ಪ ಹೊತ್ತು ಮುಖ ನೋಡಿ ಆಮೇಲೆ ಕಣ್ಣು ಬೇರೆಡೆ ತಿರುಗಿಸುತ್ತಾರೆ, ಬಿಕ್ಕಳಿಸುತ್ತಾರೆ, ಬೆರಳು ಬಿಡಿಸಿ ಕೈ ಚಾಚುತ್ತಾರೆ. ಸಾಕು ಎಂದು ಅವರು ಹೇಳುವುದು ಹೀಗೆ. ಆಗ ಮತ್ತೆ ಮತ್ತೆ ಗಲ್ಲ ಹಿಡಿದು ಆಡಿಸಿದರೆ ಅಳುತ್ತಾರೆ, ‘ಈ ಮಗು ಸೇರಿಕೊಳ್ಳುವುದಿಲ್ಲ’ ಎಂಬ ಹೆಸರು ಬರುತ್ತದೆ. ಒಂದು ನಿಮಿಷ ಬಿಟ್ಟು ಕಾದರೆ ಮಗು ತಾನೇ ತಿರುಗಿ ನೋಡುತ್ತದೆ. ಮಗುವಿನ ಈ ಭಾಷೆಯನ್ನು ಓದಲು ಕಲಿತ ತಾಯಿಗೆ ಅರ್ಧ ಚಿಂತೆ ಕಳೆದಂತೆ.

ಆಮೇಲೆ ಬರುವುದು ಬೆರಳು ತೋರಿಸುವ ಕಾಲ. ಊಟ ಮಾಡಿಸಲು ಮಗುವನ್ನು ಅಂಗಳಕ್ಕೆ ಎತ್ತಿಕೊಂಡು ಬಂದು ಚಂದಮಾಮನನ್ನು ತೋರಿಸುವ ರೂಢಿ ಎಲ್ಲ ಮನೆಯಲ್ಲೂ ಇದೆ. ಅದರಲ್ಲಿ ಎಷ್ಟು ಕೆಲಸ ಅಡಗಿದೆ ನೋಡಿ. ಅಜ್ಜಿ ಬೆರಳು ಚಾಚುತ್ತಾಳೆ, ಮಗು ಮೊದಲು ಬೆರಳನ್ನೇ ನೋಡುತ್ತದೆ, ಕೆಲವು ವಾರಗಳ ನಂತರ ಬೆರಳು ತೋರಿದ ಕಡೆ ನೋಡುತ್ತದೆ, ಇನ್ನೂ ಕೆಲವು ವಾರ ಕಳೆದು ಚಂದ್ರನನ್ನು ನೋಡಿ ತಿರುಗಿ ಅಜ್ಜಿಯ ಮುಖ ನೋಡುತ್ತದೆ, ಕೊನೆಗೆ ತಾನೇ ಬೆರಳು ಚಾಚುತ್ತದೆ. ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿದ್ದೇವೆಂದು ಅರಿಯುವ ಈ ಶಕ್ತಿಯ ಮೇಲೆಯೇ ಮಾತು, ಕಲಿಕೆ, ಗೆಳೆತನ ನಿಲ್ಲುತ್ತವೆ. ಅವಧಿಪೂರ್ವ ಮಕ್ಕಳಲ್ಲಿ ಇದು ತುಸು ನಿಧಾನವಾಗಿ ಬರಬಹುದು, ಆಟಗಳಿಂದ ಬಲಪಡಿಸಲೂಬಹುದು. ಕಣ್ಣಾಮುಚ್ಚಾಲೆ, ಚಪ್ಪಾಳೆ, ಬಸ್ಸು-ಹಸು-ಕಾಗೆ ತೋರಿಸುವುದು, ಚಿತ್ರದ ಪುಸ್ತಕ ಮಡಿಲಲ್ಲಿಟ್ಟು ಓದುವುದು. ಮೊಬೈಲಿನ ಹಾಡು ಇದಕ್ಕೆ ಬದಲಾಗಲಾರದು, ಏಕೆಂದರೆ ಪರದೆ ಮಗುವಿನ ಮುಖ ನೋಡುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆಯಂತೆ ಎರಡು ವರ್ಷದವರೆಗೆ ಮೊಬೈಲು, ಟಿ.ವಿ. ಬೇಡ, ದೂರದ ಬಂಧುಗಳೊಡನೆ ವಿಡಿಯೊ ಕರೆಗೆ ಮಾತ್ರ ವಿನಾಯಿತಿ.

ಯಾವಾಗ ಕಾಯಬಾರದು ಎಂಬುದನ್ನೂ ತಿಳಿದಿರಬೇಕು. ಇಲ್ಲಿ ಹೇಳುವ ತಿಂಗಳುಗಳೆಲ್ಲ ತಿದ್ದಿದ ವಯಸ್ಸಿನವು. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಾದರೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, ಒಂದು ವರ್ಷಕ್ಕೆ ಮುಂಚೆಯೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮುಷ್ಟಿ ಹಿಡಿದೇ ಇಟ್ಟುಕೊಂಡರೆ, ಒಂದು ವರ್ಷಕ್ಕೆ ಬಾಬಾ-ತಾತಾ ಎಂಬ ತೊದಲೂ ಇಲ್ಲದಿದ್ದರೆ, ಒಂದೂವರೆ ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರದಿದ್ದರೆ ಆ ವಾರವೇ ವೈದ್ಯರನ್ನು ಕಾಣಬೇಕು. ‘ಅವರಪ್ಪನೂ ತಡವಾಗಿ ಮಾತಾಡಿದ್ದ’ ಎಂಬ ಸಮಾಧಾನ ಈ ಮಕ್ಕಳ ವಿಷಯದಲ್ಲಿ ಬೇಡ. ಆಟಿಸಂ ಇವರಲ್ಲಿ ಸಾಮಾನ್ಯಕ್ಕಿಂತ ಹೆಚ್ಚು: ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ 2018ರ ವಿಶ್ಲೇಷಣೆಯಲ್ಲಿ ಇದು ನೂರಕ್ಕೆ ಸುಮಾರು ಏಳು ಮಕ್ಕಳಲ್ಲಿ ಕಂಡಿತ್ತು. ಅಂದರೆ ತೊಂಬತ್ತಮೂರು ಮಕ್ಕಳಲ್ಲಿ ಅದು ಇಲ್ಲ, ಇರುವ ಏಳು ಮಕ್ಕಳಿಗೆ ಬೇಗ ತಿಳಿದಷ್ಟೂ ಒಳ್ಳೆಯದು.

ಸರ್ಕಾರದ ವ್ಯವಸ್ಥೆ ಇದಕ್ಕೆಂದೇ ಇದೆ, ಕೇಳಿ ಪಡೆಯುವವರು ಕಡಿಮೆ. ಹುಟ್ಟಿದ ಮೇಲೆ 42 ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಆನಂತರ 3, 6, 9, 12, 15ನೇ ತಿಂಗಳಿಗೂ ಭೇಟಿ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆಯಲ್ಲಿ ಹಿಂದಿರುವವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ, ಮನಶ್ಶಾಸ್ತ್ರಜ್ಞರ ಪರೀಕ್ಷೆ ಉಚಿತ. ತಂಡ ಬರುವ ದಿನ ಮಗುವನ್ನು ಅಂಗನವಾಡಿಗೆ ತಪ್ಪದೆ ಕಳಿಸಿ, ಇದು ಬೇಗ ಹುಟ್ಟಿದ ಮಗು ಎಂದು ಕಾರ್ಯಕರ್ತೆಗೆ ಮೊದಲೇ ಹೇಳಿರಬೇಕು. ಹೇಳದಿದ್ದರೆ ಸಾಲಿನಲ್ಲಿ ನಿಂತ ನಲವತ್ತು ಮಕ್ಕಳಲ್ಲಿ ಇದೂ ಒಂದು.

ಇಂಥ ತರಬೇತಿಯಿಂದ ಎಷ್ಟು ಪ್ರಯೋಜನ ಎಂಬುದಕ್ಕೂ ಪ್ರಾಮಾಣಿಕ ಉತ್ತರ ಇದೆ. ಮೊದಲ ವರ್ಷದಲ್ಲೇ ಆರಂಭಿಸಿದ ತರಬೇತಿಯಿಂದ ಶಾಲೆಗೆ ಮುಂಚಿನ ವಯಸ್ಸಿನವರೆಗೆ ಬುದ್ಧಿಯ ಬೆಳವಣಿಗೆಯಲ್ಲಿ ಲಾಭ ಕಂಡಿದೆ. ಶಾಲೆಯ ವಯಸ್ಸಿಗೆ ಆ ಲಾಭ ಮಸುಕಾಗುತ್ತದೆ. ನೆರವು ಎರಡು ವರ್ಷಕ್ಕೆ ನಿಲ್ಲಬಾರದು ಎಂಬುದೇ ಇದರ ತಾತ್ಪರ್ಯ.

ತಾಯಿಯ ಮನಸ್ಸು, ತಾಯಿಯ ಕೆಲಸ

ಬೇಗ ಹೆತ್ತ ತಾಯಂದಿರಲ್ಲಿ ಖಿನ್ನತೆ ಹೆಚ್ಚು. ‘ಏನು ತಿಂದಿದ್ದೆ, ಎಲ್ಲಿ ಭಾರ ಎತ್ತಿದೆ’ ಎಂದು ಬಂದು ಹೋಗುವವರೆಲ್ಲ ಕೇಳಿದರೆ ಅದು ಇನ್ನೂ ಹೆಚ್ಚುತ್ತದೆ. ಬೇಗ ಹೆರಿಗೆಗೆ ಎಷ್ಟೋ ಸಲ ನಿರ್ದಿಷ್ಟ ಕಾರಣವೇ ಸಿಗುವುದಿಲ್ಲ, ಇನ್ನು ತಾಯಿಯನ್ನು ದೂರುವುದು ಕ್ರೌರ್ಯ. ಕುಗ್ಗಿದ ತಾಯಿ ಮಗುವಿನ ಜೊತೆ ಕಡಿಮೆ ಮಾತಾಡುತ್ತಾಳೆ, ಕಡಿಮೆ ನಗುತ್ತಾಳೆ. ಮಗುವಿನ ಒಡನಾಟದ ಕಲಿಕೆ ಅಲ್ಲಿಯೇ ಸೊರಗುತ್ತದೆ. ಎರಡು ವಾರ ಮೀರಿ ನಿದ್ದೆ, ಊಟ, ಆಸಕ್ತಿ ಕೆಟ್ಟಿದ್ದರೆ ವೈದ್ಯರ ಬಳಿ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮದ್ದೂರು ಸುತ್ತಿನ ಹಲವು ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು. ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರದ ಸಂಬಳ ಸಹಿತ ರಜೆ ಇದೆ. ಅವಧಿಪೂರ್ವ ಹೆರಿಗೆಯಿಂದ ತಾಯಿಗೆ ಕಾಯಿಲೆಯಾದರೆ ವೈದ್ಯರ ಪತ್ರ ಕೊಟ್ಟು ಇನ್ನೂ ಒಂದು ತಿಂಗಳು ಪಡೆಯಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ನರೇಗಾ ಕೂಲಿಗೆ ಹೋಗುವವರಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರ ‘ಕೂಸಿನ ಮನೆ’ ಆರಂಭಿಸಿದೆ.

ಶಾಲೆಯ ಬಾಗಿಲಲ್ಲಿ

ಎರಡು ವರ್ಷಕ್ಕೆ ‘ಎಲ್ಲ ಸರಿ ಇದೆ’ ಎಂದು ಹೇಳಿಸಿಕೊಂಡ ಮಗುವಿಗೂ ಆರೇಳು ವರ್ಷಕ್ಕೆ ತೊಂದರೆ ಕಾಣಿಸಬಹುದು. ಶಾಲೆ ಮೆದುಳಿನಿಂದ ಹೊಸ ಕೆಲಸಗಳನ್ನು ಕೇಳುತ್ತದೆ. 32 ವಾರಕ್ಕೂ ಮೊದಲು ಹುಟ್ಟಿದ ಮಕ್ಕಳ ಬುದ್ಧಿಮಟ್ಟದ ಸರಾಸರಿ, ದಿನ ತುಂಬಿ ಹುಟ್ಟಿದವರಿಗಿಂತ ಹನ್ನೆರಡು-ಹದಿಮೂರು ಅಂಕ ಕಡಿಮೆ ಇರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಇದು ಗುಂಪಿನ ಸರಾಸರಿ. ಇವರಲ್ಲಿ ಹೆಚ್ಚಿನವರ ಅಂಕ ಸಾಮಾನ್ಯ ಮಿತಿಯೊಳಗೇ ಇರುತ್ತದೆ, ಕೆಲವರದು ಅದಕ್ಕೂ ಮೇಲೆ. 34–36 ವಾರದಲ್ಲಿ ಹುಟ್ಟಿದವರಲ್ಲಿ ವ್ಯತ್ಯಾಸ ತೀರಾ ಸಣ್ಣದು.

ನಮ್ಮ ನೆಲದ ಅನುಭವವೂ ಇದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಸುಧಾ ಚೌಧರಿ ಅವರ ತಂಡ 1987–89ರಲ್ಲಿ ಹುಟ್ಟಿದ ಕಡಿಮೆ ತೂಕದ ಮಕ್ಕಳನ್ನು ಯೌವನದವರೆಗೆ ಹಿಂಬಾಲಿಸಿತು. ಬೇಗ ಹುಟ್ಟಿದ್ದಲ್ಲದೆ ಗರ್ಭದಲ್ಲೂ ಸೊರಗಿದ್ದ ಮಕ್ಕಳೇ ಎಲ್ಲರಿಗಿಂತ ಹಿಂದಿದ್ದರು. ಕಣ್ಣು-ಕೈ ಹೊಂದಾಣಿಕೆ, ಓದು, ಲೆಕ್ಕ ಅವರಿಗೆ ಕಷ್ಟವಾಗಿತ್ತು. ಅದೇ ಅಧ್ಯಯನದಲ್ಲಿ ಮಗುವಿನ ಬುದ್ಧಿಮಟ್ಟದ ಮೇಲೆ ದೊಡ್ಡ ಪ್ರಭಾವ ಬೀರಿದ್ದು ತಾಯಿಯ ಶಿಕ್ಷಣ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1997–98ರ ಗರ್ಭಿಣಿಯರ ಮಕ್ಕಳನ್ನು ಒಂಬತ್ತು-ಹತ್ತು ವರ್ಷದಲ್ಲಿ ಪರೀಕ್ಷಿಸಿದಾಗ, ಹುಟ್ಟಿದಾಗ ತೂಕ ಮತ್ತು ತಲೆಯ ಸುತ್ತಳತೆ ಹೆಚ್ಚಿದ್ದವರು ಕಲಿಕೆ, ನೆನಪಿನ ಕೆಲವು ಪರೀಕ್ಷೆಗಳಲ್ಲಿ ಮುಂದಿದ್ದರು. ಅವರು ದಿನ ತುಂಬಿಯೇ ಹುಟ್ಟಿದ ಮಕ್ಕಳು. ಗರ್ಭದ ಪೋಷಣೆ ಎಲ್ಲರಿಗೂ ಮುಖ್ಯ ಎಂಬುದಕ್ಕೆ ಇದು ನೆರೆಯ ಜಿಲ್ಲೆಯ ಸಾಕ್ಷಿ.

ತೊಂದರೆ ತರಗತಿಯಲ್ಲಿ ಹೇಗಿರುತ್ತದೆ? ಎರಡನೇ ತರಗತಿಯ ಮಗು ಕಪ್ಪುಹಲಗೆ ನೋಡಿ ಬರೆಯುತ್ತಿದೆ ಎನ್ನಿ. ಒಂದು ಸಾಲು ಓದಬೇಕು, ಮನಸ್ಸಿನಲ್ಲಿ ಹಿಡಿಯಬೇಕು, ತಲೆ ತಗ್ಗಿಸಿ ಬರೆಯಬೇಕು, ಒತ್ತಕ್ಷರವನ್ನು ಅಕ್ಷರದ ಕೆಳಗೆ ಸರಿಯಾದ ಜಾಗದಲ್ಲಿ ಕೂರಿಸಬೇಕು, ಮತ್ತೆ ತಲೆ ಎತ್ತಿ ಬಿಟ್ಟ ಜಾಗವನ್ನೇ ಹುಡುಕಬೇಕು. ಇಷ್ಟರಲ್ಲಿ ಮೇಷ್ಟ್ರು ಹಲಗೆ ಒರೆಸಿರುತ್ತಾರೆ. 52ರಲ್ಲಿ 37 ಕಳೆಯುವಾಗಲೂ ಅಷ್ಟೆ: ಕೂಡುವುದು, ಕಳೆಯುವುದು ಬರುತ್ತದೆ, ಆದರೆ ಹತ್ತರ ಮನೆಯಿಂದ ಸಾಲ ತಂದದ್ದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಹೆಜ್ಜೆ ಇಡುವಾಗ ತಪ್ಪುತ್ತದೆ. ಈ ಮಕ್ಕಳಲ್ಲಿ ಸಾಮಾನ್ಯವಾಗಿ ಸೋಲುವುದು ಆ ಗಳಿಗೆಯ ನೆನಪು, ಗ್ರಹಿಸುವ ವೇಗ, ಜಾಗ-ಆಕಾರಗಳ ಅಂದಾಜು. ಹಾಗಾಗಿ ಓದಿಗಿಂತ ಗಣಿತದಲ್ಲಿ ತೊಂದರೆ ಹೆಚ್ಚು. ಇವರ ಗಮನ ಜಾರುತ್ತದೆ, ಆದರೆ ಗದ್ದಲ ಮಾಡುವುದಿಲ್ಲ. ಕಿಟಕಿಯ ಕಡೆ ನೋಡುತ್ತಾ ಸುಮ್ಮನೆ ಕುಳಿತ ಮಗುವಿನ ಕಡೆ ಯಾರ ಗಮನವೂ ಹೋಗುವುದಿಲ್ಲ, ‘ಸೋಮಾರಿ’ ಎಂಬ ಹೆಸರು ಮಾತ್ರ ಅಂಟುತ್ತದೆ.

ಗಮನದ ಕೊರತೆ, ಆತಂಕ, ಬೆರೆಯಲು ಹಿಂಜರಿಕೆ ಈ ಮೂರೂ ಕೂಡಿ ಬರುವುದನ್ನು ಇಂಗ್ಲೆಂಡ್, ಜರ್ಮನಿಯ ದೀರ್ಘ ಅಧ್ಯಯನಗಳು ಗುರುತಿಸಿವೆ. ಬಿಡುವಿನ ವೇಳೆ ಗುಂಪಿನ ಅಂಚಿನಲ್ಲಿ ನಿಲ್ಲುತ್ತಾರೆ, ಆಟದ ನಿಯಮ ಬದಲಾದದ್ದು ಗೊತ್ತಾಗುವುದು ತಡ, ಇತರರು ಛೇಡಿಸಿದರೆ ಎದುರು ಹೇಳುವುದಿಲ್ಲ. ಮನೆಯಲ್ಲಿ ಅತಿ ಜೋಪಾನ ಇದನ್ನು ಹೆಚ್ಚಿಸುತ್ತದೆ. ಬೇಗ ಹುಟ್ಟಿತೆಂದು ಎಂಟು ವರ್ಷದ ಹುಡುಗನಿಗೆ ಇನ್ನೂ ತುತ್ತು ತಿನ್ನಿಸಿ, ಬೀದಿಗೆ ಬಿಡದೆ ಬೆಳೆಸಿದರೆ ಒಡನಾಟ ಕಲಿಯುವುದು ಎಲ್ಲಿ? ಒಬ್ಬಿಬ್ಬರು ಗೆಳೆಯರಿಂದ ಆರಂಭಿಸಿ ಅಳಗುಳಿ ಮಣೆ, ಚೌಕಾಬಾರ, ಕುಂಟೆಬಿಲ್ಲೆ ಆಡಲು ಬಿಡಬೇಕು. ಅಳಗುಳಿ ಮಣೆಯಲ್ಲಿ ಮಗು ಕಾಳು ಎಣಿಸುತ್ತದೆ, ಮುಂದಿನ ಗುಳಿ ಎಲ್ಲಿ ಮುಗಿಯುತ್ತದೆ ಎಂದು ಅಂದಾಜು ಮಾಡುತ್ತದೆ, ತನ್ನ ಸರದಿಗೆ ಕಾಯುತ್ತದೆ, ಸೋಲನ್ನೂ ಸಹಿಸುತ್ತದೆ. ಈ ಮಕ್ಕಳಿಗೆ ಬೇಕಾದ ಅಭ್ಯಾಸಗಳು ಇವೇ.

ಶಿಕ್ಷಕರು ಮಾಡಬಹುದಾದದ್ದು ಖರ್ಚಿನ ಕೆಲಸವಲ್ಲ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಒಂದು ಬಾರಿಗೆ ಒಂದೇ ಸೂಚನೆ ಕೊಡುವುದು, ಲೆಕ್ಕದ ನಡುವಿನ ಹೆಜ್ಜೆಗಳನ್ನು ಬರೆದಿಡಲು ಕಲಿಸುವುದು, ಕಡ್ಡಿ-ಕಾಳು-ಚೌಕಳಿ ಪುಸ್ತಕ ಬಳಸುವುದು, ಬರೆಯಲು ಹತ್ತು ನಿಮಿಷ ಹೆಚ್ಚು ಕೊಡುವುದು. ತೊಂದರೆ ಮುಂದುವರಿದರೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಮಟ್ಟದ ಕೇಂದ್ರ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಸಿಗುತ್ತದೆ.

ಶಾಲೆಗೆ ಸೇರಿಸುವ ವಯಸ್ಸಿನ ಪ್ರಶ್ನೆ ತಂದೆತಾಯಿಯರನ್ನು ಬಹಳ ಕಾಡುತ್ತದೆ. ರಾಜ್ಯದಲ್ಲಿ ಒಂದನೇ ತರಗತಿಯ ವಯಸ್ಸನ್ನು ಜೂನ್ 1ಕ್ಕೆ ಲೆಕ್ಕ ಹಾಕುತ್ತಾರೆ. ಜುಲೈ ಮಧ್ಯದಲ್ಲಿ ಹುಟ್ಟಬೇಕಿದ್ದ ಮಗು ಮೇ 20ಕ್ಕೆ ಹುಟ್ಟಿದರೆ ಅದು ಒಂದು ವರ್ಷ ಮೊದಲೇ ತರಗತಿಗೆ ಬಂದು, ಅಲ್ಲಿ ಎಲ್ಲರಿಗಿಂತ ಚಿಕ್ಕದಾಗಿರುತ್ತದೆ. ಹೀಗಿದ್ದಾಗ ಒಂದು ವರ್ಷ ತಡೆಯಬೇಕೆನಿಸುವುದು ಸಹಜ. ಆದರೆ ತಡೆದ ಮಾತ್ರಕ್ಕೆ ಓದು ಸುಧಾರಿಸುವುದಿಲ್ಲ ಎಂಬುದನ್ನು ಜರ್ಮನಿಯ ಬವೇರಿಯಾದ ಅಧ್ಯಯನ ತೋರಿಸಿದೆ. ಆ ವರ್ಷ ಮನೆಯಲ್ಲೇ ಕಳೆದರೆ ನಷ್ಟ, ಅಂಗನವಾಡಿಯಲ್ಲೋ ಯುಕೆಜಿಯಲ್ಲೋ ಆಟ, ಕಥೆ, ಕೈಕೆಲಸದ ನಡುವೆ ಕಳೆದರೆ ಮಾತ್ರ ತಡೆದದ್ದಕ್ಕೆ ಅರ್ಥ. ಮಾತು, ಗಮನ, ಶೌಚ, ಊಟದಂಥ ತನ್ನ ಕೆಲಸ ತಾನು ಮಾಡಿಕೊಳ್ಳುವ ಶಕ್ತಿ ನೋಡಿ ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ತೀರ್ಮಾನಿಸಬೇಕು.

ಆಸ್ಪತ್ರೆಯ ಬಿಡುಗಡೆ ಪತ್ರ, ಕಣ್ಣು-ಕಿವಿ ಪರೀಕ್ಷೆಯ ಚೀಟಿಗಳು, ತಾಯಿ ಕಾರ್ಡು ಇವನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಎತ್ತಿಡಿ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ದಿನ ಅವುಗಳ ಒಂದು ಪ್ರತಿಯನ್ನು ಶಿಕ್ಷಕರ ಕೈಗೆ ಕೊಟ್ಟು, ಮಗು ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನು ತಿಳಿಸಿ.